ದೇಹದ ಹೊಣೆ ಯಾರದು?

ನಮ್ಮ ಸಂಘದ ಸಂತಾಪ ಸಭೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಅಗಲಿದವರ ಗುಣಗಾನ ಮುಗಿದು ಚಹಾ ಬರುವ ಹೊತ್ತಿಗೆ, "ಪಾಪ, ಆರೋಗ್ಯದ ಕಡೆ ಗಮನವೇ ಕೊಡಲಿಲ್ಲ, ದಿನಾ ಅರ್ಧ ಗಂಟೆ ನಡೆದಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಯಾರಾದರೂ ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದವರಲ್ಲಿ ನಾವೂ ಸೇರಿದ್ದೇವೆ. ದೇಹವನ್ನು ಕಾಪಾಡಿಕೊಳ್ಳುವುದು ಕರ್ತವ್ಯವೆಂದೇ ಒಪ್ಪೋಣ. ಆದರೆ ಅದರಲ್ಲಿ ತಪ್ಪಿದವರನ್ನು ದೂರುವ ಅಧಿಕಾರ ನಮಗುಂಟೇ?

ಈ ಪ್ರಶ್ನೆ ಎದ್ದಾಗಲೆಲ್ಲ ನಮಗೆ ನೆನಪಾಗುವವರು ಪ್ರೊಫೆಸರ್ ಜೆರ್ರಿ ಮಾರಿಸ್. 1910ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಗ್ಲಾಸ್ಗೋದ ಬಡತನದ ನಡುವೆ ಬೆಳೆದು ವೈದ್ಯರಾದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವೈದ್ಯರಾಗಿ ನಮ್ಮ ದೇಶದಲ್ಲೂ ಇದ್ದವರು. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಹೃದಯಾಘಾತದ ಸಾವುಗಳು ಏಕೆ ಏರುತ್ತಿವೆ ಎಂಬುದನ್ನು ಹುಡುಕಲು ಹೊರಟ ಅವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಆರಿಸಿಕೊಂಡರು. ಮುಂಬಯಿಯ ಓದುಗರಿಗೆ ಆ ದೃಶ್ಯವನ್ನು ವಿವರಿಸಬೇಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಸ್ಟ್‌ನ ಹಳೆಯ ಡಬಲ್ ಡೆಕ್ಕರ್ ಕೊನೆಯ ಬಾರಿ ಓಡುವವರೆಗೂ, ಟಿಕೆಟ್ಟಿನ ಪಂಚು ಟಿಕ್ಕೆನಿಸುತ್ತ ಮಹಡಿ ಹತ್ತಿ ಇಳಿಯುವ ಕಂಡಕ್ಟರನನ್ನು ನಾವೆಲ್ಲ ಕಂಡವರೇ. ಅದೇ ಬಸ್ಸು, ಅದೇ ದಾರಿ. ಡ್ರೈವರ್ ಕುಳಿತೇ ಇರುತ್ತಾನೆ, ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತುತ್ತಾನೆ. ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂಬುದನ್ನು ಮಾರಿಸರು 1953ರಲ್ಲಿ ಪ್ರಕಟಿಸಿದರು. ಕುಳಿತು ಕೆಲಸ ಮಾಡುವ ಅಂಚೆ ಗುಮಾಸ್ತರಿಗೂ ಓಡಾಡುವ ಅಂಚೆಯವರಿಗೂ ನಡುವೆ ಇದೇ ಅಂತರ ಕಂಡಿತು.

ಕಂಡದ್ದನ್ನೆಲ್ಲ ಒಮ್ಮೆಗೇ ನಂಬುವ ಜಾತಿಯವರಲ್ಲ ಅವರು. ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದಾಗ ಡ್ರೈವರುಗಳ ಸೊಂಟದ ಸುತ್ತಳತೆಯೇ ಹೆಚ್ಚಾಗಿತ್ತು. ಹಾಗಾದರೆ ವ್ಯತ್ಯಾಸ ಕೆಲಸದಿಂದ ಬಂತೋ, ಮೊದಲೇ ಮೈಯಲ್ಲಿತ್ತೋ? ತಮ್ಮ ಶೋಧನೆಗೆ ಎದುರಾಗಬಹುದಾದ ಈ ಸಂದೇಹವನ್ನು 1956ರಲ್ಲಿ ಅವರೇ ಲೋಕದ ಮುಂದಿಟ್ಟರು. ಮುಂದೆ ವರ್ಷಗಟ್ಟಲೆ ದುಡಿದು, ಮೇಜಿನ ಮುಂದೆ ಕೂರುವ ಸರಕಾರಿ ನೌಕರರಲ್ಲಿಯೂ ಬಿಡುವಿನ ವೇಳೆಯಲ್ಲಿ ಬೆವರು ಬರುವಂತೆ ಶ್ರಮಿಸುವವರಿಗೆ ಹೃದಯಾಘಾತ ಕಡಿಮೆ ಎಂದು 1973ರಲ್ಲಿ ತೋರಿಸಿದರು.

ಹೇಳಿದ್ದನ್ನು ಅವರು ತಾವೇ ಆಚರಿಸಿದರು. ಬೆಳೆದ ಮನುಷ್ಯ ಬೀದಿಯಲ್ಲಿ ಓಡಿದರೆ ಜನ ವಿಚಿತ್ರವಾಗಿ ನೋಡುತ್ತಿದ್ದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನಲ್ಲಿ ಓಡಿದರು; ಇಳಿವಯಸ್ಸಿನಲ್ಲಿಯೂ ಈಜು ಬಿಡಲಿಲ್ಲ. 1996ರಲ್ಲಿ ಕ್ರೀಡಾ ವಿಜ್ಞಾನದ ಮೊದಲ ಒಲಿಂಪಿಕ್ ಬಹುಮಾನವನ್ನು ಅಮೆರಿಕದ ಪ್ರೊಫೆಸರ್ ರಾಲ್ಫ್ ಪ್ಯಾಫೆನ್‌ಬಾರ್ಗರರೊಡನೆ ಹಂಚಿಕೊಂಡರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಇಂಥವರಿಗೆ ಇತರರ ಆಲಸ್ಯವನ್ನು ಬಯ್ಯುವ ಹಕ್ಕು ಇತ್ತೆಂದೇ ಹೇಳಬೇಕು. ಅವರು ಮಾಡಿದ್ದು ಬೇರೆ. ತೊಂಬತ್ತನೆಯ ವಯಸ್ಸಿನಲ್ಲಿ, 2000ದಲ್ಲಿ, ಸಂಗಡಿಗರೊಡನೆ ಕೂತು ಒಂದು ಲೆಕ್ಕ ಹಾಕಿದರು: ಒಬ್ಬ ಯುವಕ ಆರೋಗ್ಯವಾಗಿ ಬದುಕಲು ವಾರಕ್ಕೆ ಎಷ್ಟು ಹಣ ಬೇಕು? ಅನ್ನ, ಮನೆಬಾಡಿಗೆಗಳ ಜೊತೆಗೆ ವ್ಯಾಯಾಮದ ಖರ್ಚು, ನಾಲ್ವರೊಡನೆ ಬೆರೆಯುವ ಖರ್ಚು ಎಲ್ಲವನ್ನೂ ಸೇರಿಸಿದರು. ನಿರುದ್ಯೋಗಿಗೆ ಸರಕಾರ ಕೊಡುತ್ತಿದ್ದ ನೆರವು ಅದಕ್ಕೆ ಸಾಲುತ್ತಿರಲಿಲ್ಲ.

ಮನಸ್ಸಿದ್ದರೆ ಮಾರ್ಗ ಎಂದು ಕೆಲವರು ಹೇಳಬಹುದು. ಆ ಮಾತನ್ನು ನಾವು ಪೂರ್ತಿ ತಳ್ಳಿಹಾಕಲಾರೆವು. ಬಿಡುವಿದ್ದೂ ಕುರ್ಚಿ ಬಿಡದವರು ನಮ್ಮಲ್ಲಿಯೇ ಇದ್ದಾರೆ. ಆದರೆ ಆ ಕಂಡಕ್ಟರನ ಸಂಕಲ್ಪಬಲ ಡ್ರೈವರನಿಗಿಂತ ಹೆಚ್ಚೇನೂ ಇರಲಿಲ್ಲ. ಅವನ ಪಾಲಿಗೆ ಮೆಟ್ಟಿಲು ಬಂದಿತ್ತು, ಇವನ ಪಾಲಿಗೆ ಆಸನ ಬಂದಿತ್ತು.

ಕಳೆದ ಸಭೆಯಲ್ಲಿ ನಾವು ಬೀಳ್ಕೊಟ್ಟ ಮಿತ್ರರು ಮೂವತ್ತು ವರ್ಷ ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್ ಗಾಡಿಯಲ್ಲಿ ಹೋಗಿಬಂದವರು. ಸೂರ್ಯೋದಯಕ್ಕೆ ಮನೆ ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ವಾಪಸು. ಅವರ ಡಬ್ಬಿ ಕಟ್ಟಲು ಅವರ ಮನೆಯವರು ಏಳುತ್ತಿದ್ದುದು ಇನ್ನೂ ಮೊದಲು. ನಾವು ಹೇಳಿದ ಆ ಅರ್ಧ ಗಂಟೆ ಆ ಮನೆಯಲ್ಲಿ ಯಾರ ಬಳಿ ಇತ್ತು? ನಮಗಾದರೋ ಪಿಂಚಣಿಯುಂಟು, ಮನೆಯ ಹತ್ತಿರ ಶಿವಾಜಿ ಪಾರ್ಕ್ ಉಂಟು.

ಆದ್ದರಿಂದ ನಮಗೆ ತೋರುವುದಿಷ್ಟು. ತನ್ನ ದೇಹವನ್ನು ನೋಡಿಕೊಳ್ಳುವುದು ಪ್ರತಿಯೊಬ್ಬನ ಕರ್ತವ್ಯ ನಿಜ. ಆದರೆ ಆ ಅಳತೆಗೋಲನ್ನು ಮೊದಲು ನಮ್ಮ ಮೇಲೆ ಇಟ್ಟುಕೊಳ್ಳಬೇಕು. ಇನ್ನೊಬ್ಬರ ವಿಷಯ ಬಂದಾಗ, ಅವರಿಗೆ ವೇಳೆ ಇತ್ತೇ, ಸ್ಥಳವಿತ್ತೇ, ಅದಕ್ಕಾಗಿ ನಾವೇನಾದರೂ ಮಾಡಿದೆವೇ ಎಂದು ಕೇಳಿಕೊಳ್ಳಬೇಕು. ಬಡಾವಣೆಯ ಮೈದಾನವೊಂದು ಕಟ್ಟಡದ ಪಾಲಾಗುವಾಗ ನಾವು ಎದ್ದುನಿಂತು ಮಾತಾಡಿದರೆ, ಸಂತಾಪ ಸಭೆಯಲ್ಲಿ ಆಡುವ ಮಾತಿಗಿಂತ ಅದು ಎಷ್ಟೋ ಮೇಲು. ಮುಂದಿನ ಸಭೆಯಲ್ಲಿ ಯಾರಾದರೂ ಆ ಹಳೆಯ ಮಾತನ್ನೆತ್ತಿದರೆ, ನಾವಂತೂ ಈ ಸಲ ತಲೆಯಾಡಿಸಲಾರೆವು.