ಆ ಊರಿಗೆ ಹೋದರೆ ಕುರ್ಚಿ ಹೋಗುತ್ತಾ?

ಬೈಬಲ್ ತಂದಿರೋರು ತೆಗೀರಿ. ಫೋನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ, ಬೈಬಲ್ ಆ್ಯಪ್ ತೆಗೀರಿ. ಲೂಕನ ಸುವಾರ್ತೆ 13ನೇ ಅಧ್ಯಾಯ, ಮೊದಲ ಐದು ವಚನಗಳು. ಬೆರಳು ಅಲ್ಲೇ ಇಟ್ಕೊಂಡಿರಿ. ವಾಕ್ಯಕ್ಕೆ ಬರೋ ಮುಂಚೆ ನಾವು ಒಂದು ಊರಿಗೆ ಹೋಗಿ ಬರೋಣ.

ಆ ಊರು ಚಾಮರಾಜನಗರ. ಮೈಸೂರಿಂದ ಸುಮಾರು 60 ಕಿಲೋಮೀಟರ್. ಹಳೇ ಹೆಸರು ಅರಿಕುಠಾರ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಅದಕ್ಕೆ ತಂದೆಯ ಹೆಸರಿಟ್ಟರು. ಅಂದರೆ ಒಬ್ಬ ಮಗ ಪ್ರೀತಿಯಿಂದ ಕೊಟ್ಟ ಹೆಸರು ಅದು. ಆದರೆ ನಮ್ಮ ಕಾಲದಲ್ಲಿ ಆ ಊರಿಗೆ ಇನ್ನೊಂದು ಹೆಸರು ಅಂಟಿಕೊಂಡಿದೆ. ಯಾವ ಮುಖ್ಯಮಂತ್ರಿ ಅಲ್ಲಿಗೆ ಕಾಲಿಟ್ಟರೂ ಕುರ್ಚಿ ಹೋಗುತ್ತೆ ಅಂತ.

ಈ ಮಾತು ಹೇಳೋರು ಸುಮ್ಮನೆ ಹೇಳಲ್ಲ, ಪಟ್ಟಿ ಕೊಡ್ತಾರೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಎಲ್ಲರೂ ಹೋದರು, ಎಲ್ಲರೂ ಅಧಿಕಾರ ಕಳ್ಕೊಂಡರು ಅಂತಾರೆ. ಆಮೇಲೆ ಬಂದ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆ ಆಯಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಆ ಜಿಲ್ಲೆಯನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಯೋಚನೆ ಮಾಡಿ, ಮಗುವಿನ ನಾಮಕರಣಕ್ಕೆ ಬಂದವರು ತೊಟ್ಟಿಲ ಹತ್ತಿರವೇ ಬರದೆ ಹೆಸರಿಟ್ಟು ಹೋದ ಹಾಗೆ.

ಈಗ ಆ ಪಟ್ಟಿಯನ್ನೇ ಸ್ವಲ್ಪ ಬಿಡಿಸಿ ನೋಡಿ. ಅರಸು ಅವರು 1980ರಲ್ಲಿ ಇಳಿದದ್ದು ಪಕ್ಷ ಒಡೆದು ಶಾಸಕರು ಕೈಬಿಟ್ಟಿದ್ದರಿಂದ. ಗುಂಡೂರಾವ್ 1983ರ ಚುನಾವಣೆಯಲ್ಲಿ ಸೋತರು. ಹೆಗಡೆ 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಜೀನಾಮೆ ಕೊಟ್ಟರು. 1989ರಲ್ಲಿ ಬೊಮ್ಮಾಯಿ ಸರ್ಕಾರವನ್ನ ವಜಾ ಮಾಡಿದರು. ಬಹುಮತ ಸದನದಲ್ಲೇ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ಅದೇ ಪ್ರಕರಣದಲ್ಲಿ. ವೀರೇಂದ್ರ ಪಾಟೀಲರು ಕಾಯಿಲೆ ಬಿದ್ದಿದ್ದಾಗ 1990ರಲ್ಲಿ ಹೈಕಮಾಂಡ್ ಅವರನ್ನ ಇಳಿಸಿತು. ಒಬ್ಬೊಬ್ಬರಿಗೂ ಒಂದೊಂದು ಕಾರಣ ಇದೆ, ಆ ಕಾರಣದ ಹಿಂದೆ ಮನುಷ್ಯರಿದ್ದಾರೆ. ಇನ್ನೊಂದು ವಿಷಯ. 1956ರಲ್ಲಿ ರಾಜ್ಯ ಒಂದಾದಾಗಿನಿಂದ ಐದು ವರ್ಷದ ಅವಧಿ ಪೂರ್ತಿ ಮಾಡಿದವರು ಅಂತ ನಾವು ಎಣಿಸೋದು ನಿಜಲಿಂಗಪ್ಪ, ಅರಸು, ಸಿದ್ದರಾಮಯ್ಯ, ಮೂರೇ ಜನರನ್ನ. ಉಳಿದವರೆಲ್ಲ ಮಧ್ಯದಲ್ಲೇ ಇಳಿದವರು, ಇಲ್ಲವೇ ಮಧ್ಯದಲ್ಲಿ ಬಂದವರು. ಹೀಗಿರುವಾಗ ಹುಬ್ಬಳ್ಳಿ ಮೇಲೆ, ಮಂಗಳೂರು ಮೇಲೆ ಇದೇ ಪಟ್ಟಿ ಬರೆಯಬಹುದಿತ್ತು. ಯಾರೂ ಬರೆಯಲಿಲ್ಲ. ದೊಡ್ಡ ಊರಿನ ಮೇಲೆ ಅಪವಾದ ಹೊರಿಸೋದು ಕಷ್ಟ. ಸಣ್ಣ ಊರು ತಿರುಗಿ ಮಾತಾಡಲ್ಲ.

ಇಷ್ಟು ಕೇಳಿ ನಿಮಗೆ ನಗು ಬರಬಹುದು. ನಾವು ಬೆಂಗಳೂರಿನವರು, ಓದಿದವರು, ಅದರಲ್ಲೂ ವಿಶ್ವಾಸಿಗಳು. ಬೆಕ್ಕು ಅಡ್ಡ ಬಂದರೆ ನಾವು ನಿಲ್ಲಲ್ಲ, ರಾಹುಕಾಲ ನೋಡಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಹೇಳೋದು ನನಗೆ ಸುಲಭದ ಮಾತಲ್ಲ.

ಕೆಲವು ವರ್ಷಗಳ ಹಿಂದೆ, ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ, ನಾನೊಂದು ಮನೆಕೂಟ ನಡೆಸ್ತಿದ್ದೆ. ಒಬ್ಬ ಸಿಸ್ಟರ್ ಹೊಸದಾಗಿ ಬರೋಕೆ ಶುರು ಮಾಡಿದರು. ಮದುವೆಯಾಗಿ ವರ್ಷ ತುಂಬೋದರಲ್ಲಿ ಗಂಡನನ್ನು ಕಳೆದುಕೊಂಡವರು. ಅವರು ಬಂದ ತಿಂಗಳಲ್ಲೇ ಕೂಟದ ಒಬ್ಬ ಬ್ರದರ್‌ಗೆ ಬೈಕ್ ಆ್ಯಕ್ಸಿಡೆಂಟ್ ಆಯಿತು, ಇನ್ನೊಬ್ಬರ ಕೆಲಸ ಹೋಯಿತು. ಯಾರೋ ಒಬ್ಬರು ಮೆಲ್ಲಗೆ ನನ್ನ ಹತ್ತಿರ ಬಂದು, "ಪಾಸ್ಟರ್, ಅವರು ಬಂದ ಮೇಲೆ ಹಿಂಗೆಲ್ಲ ಆಗ್ತಿದೆ, ಏನೋ ಶಾಪ ಇರಬಹುದು, ಪ್ರಾರ್ಥನೆ ಮಾಡಿ" ಅಂದರು. ನಾನು ಬೇಡ ಅನ್ನಲಿಲ್ಲ. "ಹೌದು, ಪ್ರಾರ್ಥಿಸೋಣ" ಅಂದೆ. ಅಷ್ಟೇ ನಾನು ಮಾಡಿದ್ದು. ಆದರೆ ಪಾಸ್ಟರೇ ಹೌದು ಅಂದರು ಅನ್ನೋದು ಒಂದು ವಾರದಲ್ಲಿ ಎಲ್ಲರಿಗೂ ಮುಟ್ಟಿತು. ಪ್ರೇಯರ್ ರಿಕ್ವೆಸ್ಟ್ ಅನ್ನೋ ಹೆಸರಲ್ಲಿ ಗಾಳಿಮಾತು ಓಡಾಡಿತು. ಆ ಸಿಸ್ಟರ್ ಪಕ್ಕದ ಕುರ್ಚಿ ಖಾಲಿ ಉಳಿಯೋಕೆ ಶುರುವಾಯಿತು. ಆಮೇಲೆ ಅವರೇ ಬರೋದು ನಿಲ್ಲಿಸಿದರು.

ತುಂಬಾ ದಿನಗಳ ಮೇಲೆ ಬಸ್ ಸ್ಟಾಪಲ್ಲಿ ಸಿಕ್ಕಿದರು. ಕೋಪ ಮಾಡ್ಕೊಳ್ಳಲಿಲ್ಲ. ಒಂದೇ ಮಾತು ಹೇಳಿದರು: "ಪಾಸ್ಟರ್, ಊರಲ್ಲಿ ನಮ್ಮ ಅತ್ತೆ ಮನೆಯವರು ನನ್ನ ಕಾಲ್ಗುಣ ಸರಿಯಿಲ್ಲ ಅಂದರು. ನೀವು ಅದನ್ನೇ ಶಾಪ ಅಂದಿರಿ. ಹೆಸರು ಬೇರೆ, ಅಷ್ಟೇ."

ಪ್ರಿಯರೇ, ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಖ್ಯಮಂತ್ರಿಗಳು ಚಾಮರಾಜನಗರಕ್ಕೆ ಮಾಡಿದ್ದನ್ನೇ ನಾನು ಒಬ್ಬ ಹೆಣ್ಣುಮಗಳಿಗೆ ಮಾಡಿದ್ದೆ.

ಈಗ ಒಂದು ಕಷ್ಟದ ಪ್ರಶ್ನೆ. ಇಂಥ ಮಾತನ್ನ ಸುಳ್ಳು ಅಂತ ತೋರಿಸೋದು ಹೇಗೆ? ಸಾಮಾನ್ಯವಾಗಿ ನಾವು ಏನು ಹೇಳ್ತೀವಿ? "ನೋಡಿ, 2013ರಿಂದ ಸಿದ್ದರಾಮಯ್ಯ ಮತ್ತೆ ಮತ್ತೆ ಆ ಊರಿಗೆ ಹೋದರು, 2018ರವರೆಗೆ ಅವಧಿ ಪೂರ್ತಿ ಮಾಡಿದರು, ಕಳಂಕ ಹೋಯಿತು" ಅಂತೀವಿ. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ವೇಳೆ ಅವರು ಮಧ್ಯದಲ್ಲಿ ಇಳಿದಿದ್ದರೆ? ಆಗ ಊರು ತಪ್ಪಿತಸ್ಥ ಆಗ್ತಿತ್ತಾ? ನಿಜ ಹೇಳಬೇಕಂದರೆ, 2007ರಲ್ಲಿ ಕುಮಾರಸ್ವಾಮಿಯವರೂ ಧೈರ್ಯ ಮಾಡಿ ಹೋಗಿದ್ದರು. ಅದೇ ಅಕ್ಟೋಬರ್‌ನಲ್ಲಿ ಅಧಿಕಾರ ಹೋಯಿತು. ಕಾರಣ 20 ತಿಂಗಳ ಅಧಿಕಾರ ಹಂಚಿಕೆಯ ಜಗಳ. ಆದರೂ ಜನ ಊರನ್ನೇ ಬೆರಳು ಮಾಡಿ ತೋರಿಸಿದರು. ಕುರ್ಚಿ ಉಳಿದರೆ ಊರು ಶುದ್ಧ, ಹೋದರೆ ಊರು ಅಶುದ್ಧ ಅನ್ನೋದಾದರೆ ತಕ್ಕಡಿ ಅದೇ ಹಳೇ ತಕ್ಕಡಿ.

ಅಪೊಸ್ತಲರ ಕೃತ್ಯಗಳು 28ನೇ ಅಧ್ಯಾಯದಲ್ಲಿ ಆ ತಕ್ಕಡಿ ಕಾಣಿಸುತ್ತೆ. ಹಡಗು ಒಡೆದು ಪೌಲ ಮೆಲೀತೆ ದ್ವೀಪಕ್ಕೆ ಬಂದಿದ್ದಾನೆ. ಕೈಗೆ ಹಾವು ಕಚ್ಚಿ ಹಿಡಿಯುತ್ತೆ. ಜನ ತಕ್ಷಣ, ಇವನು ಕೊಲೆಗಾರನೇ ಇರಬೇಕು ಅಂತಾರೆ. ಸ್ವಲ್ಪ ಹೊತ್ತು ಕಾಯ್ತಾರೆ, ಅವನಿಗೆ ಏನೂ ಆಗಲಿಲ್ಲ. ಆಗ, ಇವನು ದೇವರೇ ಅಂತಾರೆ. ಈಗಷ್ಟೇ ಕೊಲೆಗಾರ, ಸ್ವಲ್ಪ ಹೊತ್ತಲ್ಲೇ ದೇವರು! ಪೌಲ ಎರಡೂ ಅಲ್ಲ. ಆದರೆ ಬರೀ ಹಾವನ್ನು ನೋಡಿ ಮನುಷ್ಯನನ್ನು ತೂಗೋರಿಗೆ ಮೂರನೇ ಉತ್ತರ ಸಿಗೋದೇ ಇಲ್ಲ.

ಈಗ ಲೂಕ 13ಕ್ಕೆ ಬನ್ನಿ. ಪಿಲಾತ ಗಲಿಲಾಯದ ಕೆಲವರನ್ನು ಅವರು ಬಲಿ ಅರ್ಪಿಸುವಾಗಲೇ ಕೊಲ್ಲಿಸಿದ ಸುದ್ದಿಯನ್ನ ಜನ ಯೇಸುಸ್ವಾಮಿಗೆ ತಂದಿದ್ದಾರೆ. ಸತ್ತವರು ದೊಡ್ಡ ಪಾಪಿಗಳು ಅಂತ ನೆನಸ್ತೀರಾ ಅಂತ ಆತನು ಕೇಳ್ತಾನೆ. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಜನರ ಮಾತನ್ನೂ ತಾನೇ ಎತ್ತುತ್ತಾನೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಅಪರಾಧಿಗಳಾ? ಅಲ್ಲ ಅಂತ ಖಡಾಖಂಡಿತವಾಗಿ ಹೇಳಿ, ಕೇಳಲು ಬಂದವರ ಕಡೆಗೇ ತಿರುಗಿ, ಮಾನಸಾಂತರ ಪಡಬೇಕಾದವರು ನೀವು ಅಂತಾನೆ. ಸತ್ತವರ ಲೆಕ್ಕ ಕೇಳೋಕೆ ಹೋದವರು ತಮ್ಮ ಲೆಕ್ಕ ಕೊಡಬೇಕಾಯಿತು.

ಇನ್ನೊಂದು ಗಮನಿಸಿ. ಆ ಗಲಿಲಾಯದವರನ್ನು ಕೊಲ್ಲಿಸಿದ್ದು ಪಿಲಾತ. ಅವರ ಪಾಪ ಅವರನ್ನ ಕೊಂದಿತು ಅಂತ ಊರೆಲ್ಲ ಮಾತಾಡಿದರೆ ಯಾರಿಗೆ ಲಾಭ? ಪಿಲಾತನಿಗೆ! ಗಾಳಿಮಾತು ಯಾವಾಗಲೂ ಎರಡು ಕೆಲಸ ಮಾಡುತ್ತೆ. ನಿರಪರಾಧಿಯ ಹಣೆಗೆ ಮಸಿ ಬಳಿಯುತ್ತೆ, ಜವಾಬ್ದಾರನನ್ನ ಹಿಂಬಾಗಿಲಿಂದ ಕಳಿಸುತ್ತೆ.

2021ರ ಮೇ ತಿಂಗಳ ಮೊದಲ ವಾರ ನೆನಪಿದೆಯಾ? ಕೋವಿಡ್ ಎರಡನೇ ಅಲೆ. ಅದೇ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ರೋಗಿಗಳು ತೀರಿಕೊಂಡ ಸುದ್ದಿ ಬಂತು. ಸಿಲೊವಾಮಿನಲ್ಲಿ 18, ಇಲ್ಲಿ 24. ಆ ದಿನ ಯಾರಾದರೂ "ಆ ಊರ ಹಣೆಬರಹವೇ ಹಾಗೆ" ಅಂದುಬಿಟ್ಟರೆ, ಸಿಲಿಂಡರ್ ಯಾಕೆ ಬರಲಿಲ್ಲ, ಯಾರು ಕಳಿಸಬೇಕಿತ್ತು ಅನ್ನೋ ಪ್ರಶ್ನೆ ಅಲ್ಲೇ ಸಾಯುತ್ತೆ. ಸತ್ತವರ ಮಕ್ಕಳಿಗೆ ಬೇಕಾಗಿದ್ದು ಆ ಪ್ರಶ್ನೆಯೇ.

ಅದಕ್ಕೇ ಇದನ್ನ ಬರೀ ಮೂಢನಂಬಿಕೆ ಅಂತ ನಕ್ಕು ಬಿಡೋಕೆ ಆಗಲ್ಲ. ವಿಮೋಚನಕಾಂಡ 20ರಲ್ಲಿ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನೋ ಆಜ್ಞೆ ಇದೆ. ಕಾಲ್ಗುಣ ಅನ್ನೋದು ಸುಳ್ಳು ಸಾಕ್ಷಿ. "ಅವಳು ಬಂದ ಮೇಲೆ" ಅನ್ನೋ ಮಾತನ್ನ "ಅವಳು ಬಂದದ್ದರಿಂದ" ಅಂತ ತಿರುಗಿಸಿದ ಕ್ಷಣ ನಾವು ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿದ ಹಾಗೆ.

ಕೊನೆಯದಾಗಿ, ನಮ್ಮ ಕರ್ತನ ಊರು ಯಾವುದು? ನಜರೇತು. ಅಲ್ಲಿಂದ ಒಳ್ಳೇದು ಬರೋಕೆ ಸಾಧ್ಯವಾ ಅಂತ ನತಾನಯೇಲನೇ ಅನುಮಾನಪಟ್ಟ. ಫಿಲಿಪ್ಪ ವಾದ ಮಾಡಲಿಲ್ಲ, ಬಂದು ನೋಡು ಅಂತ ಕರೆದ. ಆಮೇಲೆ ಶಿಲುಬೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಅಂತ ಧರ್ಮಶಾಸ್ತ್ರ ಹೇಳಿತ್ತು. ಗಲಾತ್ಯ 3ರಲ್ಲಿ ಪೌಲ, ಆ ಶಾಪವನ್ನ ಆತನು ನಮಗೋಸ್ಕರ ಹೊತ್ತನು ಅಂತಾನೆ. ಅದೃಷ್ಟದ ತಕ್ಕಡಿಯಲ್ಲಿ ತೂಗಿದರೆ ಯೇಸುಸ್ವಾಮಿಗಿಂತ ನತದೃಷ್ಟ ಯಾರಿದ್ದಾರೆ? ಅಂಥವನನ್ನು ಕರ್ತನು ಅಂತ ಕರೆಯೋ ಬಾಯಲ್ಲಿ ಇನ್ನೊಬ್ಬರ ಕಾಲ್ಗುಣದ ಮಾತು ಬರಬಾರದು.

ಆ ಸಿಸ್ಟರ್ ಹತ್ತಿರ ಕ್ಷಮೆ ಕೇಳಿದೆ. ಮನೆಕೂಟದಲ್ಲೂ ಎಲ್ಲರ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಅವರು ಕ್ಷಮಿಸಿದರು, ಆದರೆ ವಾಪಸ್ ಬರಲಿಲ್ಲ. ಬೇರೆ ಸಭೆಗೆ ಹೋಗ್ತಿದ್ದಾರೆ. ಕ್ಷಮೆ ಸಿಕ್ಕಿದರೂ ಆ ಖಾಲಿ ಕುರ್ಚಿ ತುಂಬಲಿಲ್ಲ ಅನ್ನೋದು ನನಗೆ ಗೊತ್ತಿರಲಿ, ನಿಮಗೂ ಗೊತ್ತಿರಲಿ.

ಈ ವಾರ ಒಂದು ಕೆಲಸ ಮಾಡಿ. ಆಫೀಸಲ್ಲೋ, ಪಿಜಿಯಲ್ಲೋ, ನಮ್ಮ ಸಭೆಯಲ್ಲೋ ಯಾರ ಪಕ್ಕದ ಕುರ್ಚಿ ಖಾಲಿ ಇದೆ ಅಂತ ನೋಡಿ. ಹೋಗಿ ಅಲ್ಲಿ ಕೂತ್ಕೊಳ್ಳಿ. ಯಾರಾದರೂ ಕಿವಿಯಲ್ಲಿ "ಅವರು ಬಂದ ಮೇಲೆ" ಅಂತ ಶುರು ಮಾಡಿದರೆ, ಪ್ರಾರ್ಥಿಸೋಣ ಅನ್ನೋಕೆ ಮುಂಚೆ "ಅದು ನಿಜವಾ?" ಅಂತ ಕೇಳಿ.

ತಲೆ ಬಾಗಿಸೋಣ. ಕರ್ತನೇ, ನಮ್ಮ ಮಾತಿನಿಂದ ಯಾರ ಬಾಗಿಲು ಮುಚ್ಚಿದೆಯೋ ಅವರ ಹೆಸರನ್ನ ಈಗ ನಮ್ಮ ನೆನಪಿಗೆ ತಾ. ಅವರ ಮನೆಗೆ ನಡೆದು ಹೋಗೋ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.