ಹುಡಿ ಮನುಷ್ಯನಾಗುವ ಗಳಿಗೆ

ಇದ್ದಿಲಿನ ಹುಡಿ ಯಾವ ಗಳಿಗೆಯಲ್ಲಿ ಮನುಷ್ಯನಾಗುತ್ತದೆ? ಮೂಡಲಗಿ, ಹುಕ್ಕೇರಿಯ ಸಂತೆಗಳಲ್ಲಿ ಪಟಗಾ ಸುತ್ತಿದ ಮುದುಕರನ್ನು ಕಂಡಾಗಲೆಲ್ಲ ಈ ಪ್ರಶ್ನೆ ಕಾಡುತ್ತದೆ. ಬಿಸಿಲು ಕೆನ್ನೆಯೆಲುಬಿನ ಮೇಲೆ ಹೊಳೆಯುತ್ತಿದ್ದರೆ ಕಣ್ಣುಗುಳಿಗಳು ಪಟಗಾದ ನೆರಳಲ್ಲಿ ಮುಳುಗಿರುತ್ತವೆ. ಇಂಥ ಮುಖ ಬಣ್ಣವನ್ನೇ ಕೇಳುವುದಿಲ್ಲ. ಬಣ್ಣದ ಗೊಂಬೆಗಳಿಗೆ, ಕಟ್ಟಿಗೆಯ ಹಣ್ಣುಗಳಿಗೆ ಹೆಸರಾದ ಗೋಕಾಕದ ಮಗ್ಗುಲಲ್ಲೇ ಇದನ್ನು ಹೇಳಬೇಕಾಗಿ ಬಂದದ್ದು ತಮಾಷೆ.

ಕಟ್ಟಿಗೆ ಬಯಲಲ್ಲಿ ಉರಿದರೆ ಬೂದಿ. ಗಾಳಿಯಾಡದ ಡಬ್ಬಿಯಲ್ಲಿ ಬೆಂದರೆ ಮಾತ್ರ ಇದ್ದಿಲು. ಯುರೋಪಿನವರು ವಿಲೋ ಮರದ, ದ್ರಾಕ್ಷಿ ಬಳ್ಳಿಯ ಕಡ್ಡಿ ಸುಟ್ಟರು. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿ. ಅವರಿಗೆ ಅದು ಬಣ್ಣದಡಿ ಮುಚ್ಚಿಹೋಗುವ ಗೆರೆ. ಭಾವಚಿತ್ರಕಾರನಿಗೆ ಅದೇ ಕೊನೆಯ ಮಾತು.

ಈ ಸೀಮೆಯ ಹುಡುಗರ ಕಲಿಕೆ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಿಂದ, ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗಳಿಂದ ಶುರುವಾಗುತ್ತದೆ. ಮುಂದೆ ತೀರಿಹೋದ ಹಿರಿಯರ ಸಣ್ಣ ಫೋಟೋ ತಂದು "ಹಂಗ ದೊಡ್ಡದು ಮಾಡಿಕೊಡ್ರಿ" ಎನ್ನುವ ಗಿರಾಕಿಗಳು. ಚೌಕಗಳ ಜಾಲ ಎಳೆದು ಹಿಗ್ಗಿಸುವ ಕೈ ಮೀಸೆಯ ಕೂದಲು ಕೂದಲನ್ನೂ ಎಣಿಸುತ್ತದೆ. ಹೋಲಿಕೆ ಬರುತ್ತದೆ, ಮನುಷ್ಯ ಬರುವುದಿಲ್ಲ. ಅದಕ್ಕೆ ಎದುರಿಗೆ ಉಸಿರಾಡುವ ಮುಖವೇ ಬೇಕು. ಬೆಳಗಾವಿಯಲ್ಲಿ ವಾಸ್ತವ ಶೈಲಿಗೆ ಹೆಸರಾಗಿದ್ದವರು ಚಿತ್ರಕಾರ ಕೆ. ಬಿ. ಕುಲಕರ್ಣಿ. ಚಿತ್ರಕಾರ ರವಿ ಪರಾಂಜಪೆ (1935–2022) ಪಳಗಿದ್ದು ಕುಲಕರ್ಣಿಯವರ ಕೈಯಲ್ಲೇ.

ಪಳಗುವುದೆಂದರೆ ಕಡಿಮೆ ನೋಡಲು ಕಲಿಯುವುದು. ಕಣ್ಣು ಕಿರಿದು ಮಾಡಿದರೆ ರೆಪ್ಪೆ, ಸುಕ್ಕುಗಳೆಲ್ಲ ಅಳಿದು ನೆರಳಿನ ದೊಡ್ಡ ಹರವುಗಳಷ್ಟೇ ಉಳಿಯುತ್ತವೆ. ತರಿತರಿ ಕಾಗದದ ಮೇಲೆ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಿ, ಅಂಗೈಯಿಂದ ಒರೆಸಿದರೆ ಹಾಳೆಯೆಲ್ಲ ಬೂದು. ಆಮೇಲೆ ಮೆತ್ತನೆಯ ರಬ್ಬರನ್ನು ಹಿಸುಕಿ ಚೂಪು ಮಾಡಿ ಹಣೆ, ಮೂಗಿನ ಏಣು, ಕೆಳತುಟಿಗಳಿಂದ ಹುಡಿಯನ್ನು ಎತ್ತಬೇಕು. ಬೆಳಕನ್ನು ಹಚ್ಚುವುದಿಲ್ಲ, ಕಾಗದದಿಂದ ಬಿಡಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಯುರೋಪಿನಲ್ಲಿ ಈ ಕೆಲಸಕ್ಕೆ ಬ್ರೆಡ್ಡಿನ ತಿರುಳು ಬಳಸುತ್ತಿದ್ದರು. ನಮ್ಮ ಜೋಳದ ರೊಟ್ಟಿ ಇದಕ್ಕೆ ಒದಗದು. ಅದರ ಜಾಗ ತಾಟೇ.

ಇಷ್ಟಾದರೂ ಅದು ಕಪ್ಪು ಕಲೆಗಳ ಗುಂಪು. ಪಾಪೆಯ ಮೇಲೆ ಸಾಸಿವೆಯಷ್ಟು ಬಿಳಿ ತೆರೆದಾಗ ಯಾರೋ ನಮ್ಮನ್ನು ನೋಡತೊಡಗುತ್ತಾರೆ. ಹುಡಿಗೆ ಹಿಡಿತವೂ ಇಲ್ಲ, ಅರಗಿನ ದ್ರವವನ್ನೋ ಮತ್ತೊಂದನ್ನೋ ಸಿಂಪಡಿಸುವ ತನಕ ಬೆರಳು ಸವರಿದರೆ ಆ ನೋಟ ಹೋಯಿತು. ಆ ಒಂದು ಚುಕ್ಕೆ ಅಷ್ಟು ಕೆಲಸ ಮಾಡುವುದು ಹೇಗೆಂದು ನನಗೆ ಇನ್ನೂ ಬಗೆಹರಿದಿಲ್ಲ.

ಜರ್ಮನಿಯ ಕೆಥೆ ಕೊಲ್‌ವಿಟ್ಸ್ 1933ರಲ್ಲಿ ತನ್ನನ್ನೇ ಇದ್ದಿಲಿನಲ್ಲಿ ಬರೆದುಕೊಂಡಳು. ಪಕ್ಕಕ್ಕೆ ತಿರುಗಿದ ಮುಖಕ್ಕೂ ಚಿತ್ರ ಬರೆಯುತ್ತಿರುವ ಬೆರಳುಗಳಿಗೂ ನಡುವೆ ತೋಳೇ ಇಲ್ಲ, ಸರಸರನೆ ಗೀಚಿದ ಅಂಕುಡೊಂಕು ಗೆರೆಯಷ್ಟೇ ಇದೆ. ಆ ಹೆಂಗಸಿನ ಇಡೀ ಕಸುವು ಹರಿಯುವುದು ಆ ಗೀಚಿನಲ್ಲೇ. ಹುಕ್ಕೇರಿಯ ಗಿರಾಕಿಗೆ ಇದನ್ನು ಕೊಟ್ಟರೆ "ತೋಳ ಯಾಕ ಬಿಟ್ರಿ?" ಎಂದು ರೊಕ್ಕ ಮುರಿದುಕೊಂಡಾನು. ಹಾಗಾಗಿ ಕಲಿತವರು ಅವನಿಗೆ ತೋಳು, ಗುಂಡಿ, ಗಡಿಯಾರ ಎಲ್ಲ ತಿದ್ದಿ ಕೊಡುತ್ತಾರೆ. ಗೀಚಿದ್ದನ್ನು ತಮಗೆಂದು ಇಟ್ಟುಕೊಳ್ಳುತ್ತಾರೆ.