ಕಿರೀಟಕ್ಕೆ ಮೊದಲಿನ ಮಗು

ಹೊಸಪೇಟೆಯಿಂದ ಹಂಪಿಗೆ ಹೊರಟವರು ಅನಂತಶಯನಗುಡಿಯಲ್ಲಿ ಇಳಿಯುವುದು ಅಪರೂಪ. ಗುಡಿ ದಾರಿಯ ಮಗ್ಗುಲಲ್ಲೇ ಇದೆ. ಗರ್ಭಗುಡಿ ಉದ್ದಕ್ಕಿದೆ, ಪೀಠವೂ ಉದ್ದ, ಅದರ ಮೇಲೆ ಮಲಗಬೇಕಾದ ದೇವರು ಮಾತ್ರ ಇಲ್ಲ. ಬರುತ್ತೇನೆಂದು ಒಪ್ಪಿದ ದೇವರು ದಾರಿಯಲ್ಲಿ ಹೊಳಲಿನಲ್ಲೇ ಉಳಿದುಬಿಟ್ಟ ಅಂತ ಜನ ಕತೆ ಹೇಳುತ್ತಾರೆ. 1524ರಲ್ಲಿ ಗುಡಿ ಕಟ್ಟಿಸಿದವನು ಕೃಷ್ಣದೇವರಾಯ. ಶಾಸನದಲ್ಲಿ ಈ ಊರಿನ ಹೆಸರು ಸಾಲೆ ತಿರುಮಲೆ ಮಹಾರಾಯಪುರ. ತಿರುಮಲ ಅವನ ಮಗ, ತಿರುಮಲದೇವಿಯ ಹೊಟ್ಟೆಯಲ್ಲಿ ಹುಟ್ಟಿದವನು. ಆಗ ಅವನಿಗೆ ಆರು ವರ್ಷ.

ಆರು ವರ್ಷದ ಆ ಹುಡುಗನಿಗೇ ರಾಯ ಪಟ್ಟ ಕಟ್ಟಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಪಟ್ಟದ ಸಂಭ್ರಮ ಎಂಟು ತಿಂಗಳು ನಡೆಯಿತಂತೆ. ಅದು ಮುಗಿಯುವುದರೊಳಗೆ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ಮಂತ್ರಿ ಸಾಳುವ ತಿಮ್ಮನ ಮನೆಯವರೇ ವಿಷ ಹಾಕಿಸಿದರೆಂಬ ಮಾತು ರಾಯನ ಕಿವಿಗೆ ಬಿತ್ತು, ಮುದಿ ಮಂತ್ರಿಯ ಕಣ್ಣು ಹೋಯಿತು. ವಿಷದ ಮಾತನ್ನು ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ. ಆ ವಾದ ಅವರಿಗೇ ಇರಲಿ.

ನನ್ನ ಮನಸ್ಸು ಹೋಗುವುದು ಪಟ್ಟಕ್ಕೂ ಹಿಂದಿನ ದಿನಗಳಿಗೆ. ಆ ಹುಡುಗ ಆನೆ ತೋರಿಸದ ಹೊರತು ತುತ್ತಿಗೆ ಬಾಯಿ ತೆರೆಯುತ್ತಿರಲಿಲ್ಲವೇ? ಮೊದಲ ಹೆಜ್ಜೆ ಇಟ್ಟಾಗ ಅಪ್ಪ ಊರಲ್ಲಿದ್ದನೋ, ದಂಡಿನ ಜೊತೆ ಹೊರಗಿದ್ದನೋ? ಹುಡುಗ ಇನ್ನೂ ತೊದಲುತ್ತಿದ್ದ ಕಾಲಕ್ಕೇ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಯೆಸ್, ರಾಯನ ಮುಖದ ಸಿಡುಬಿನ ಕಲೆಯನ್ನೂ ಬಿಡದೆ ಬರೆದ. ಆ ಕಲೆಗಳ ಮೇಲೆ ಓಡಾಡಿರಬಹುದಾದ ಪುಟ್ಟ ಬೆರಳುಗಳ ಸುದ್ದಿ ಅವನಿಗೆ ಬೇಕಿರಲಿಲ್ಲ.

ನಮ್ಮ ಸೀಮೆಯ ಕತೆಗಳೂ ಹೀಗೇ. ಕಂಪ್ಲಿ ಅಂದರೆ ಕಂಪಿಲರಾಯ. ಕಿರಿಯ ಹೆಂಡತಿ ರತ್ನಾಜಿಯ ಮಾತು ಕೇಳಿ, ಎದೆಯೆತ್ತರ ಬೆಳೆದ ಮಗ ಕುಮಾರರಾಮನ ತಲೆ ತೆಗೆಸಲು ಹೊರಟ ಅಪ್ಪ. ಮಂತ್ರಿ ಬೈಚಪ್ಪ ಮುಚ್ಚಿಟ್ಟು ಉಳಿಸಿಕೊಂಡದ್ದಕ್ಕೆ ಆ ಮಗ ಮುಂದೆ ದಿಲ್ಲಿಯ ದಂಡಿಗೆ ಎದುರು ನಿಂತ. ಸಂಡೂರು ಅಂದರೆ ಹೆತ್ತವರ ಮೇಲೆ ಮುನಿದು, ಕುಡಿದ ಮೊಲೆಹಾಲನ್ನೂ ಕಕ್ಕಿ ಬೆಟ್ಟ ಸೇರಿದ ಕುಮಾರಸ್ವಾಮಿ. ಜಗಳಕ್ಕೋ ಗದ್ದುಗೆಗೋ ತಕ್ಕ ವಯಸ್ಸು ಬಂದ ಮೇಲೆಯೇ ಮಕ್ಕಳಿಗೆ ಕತೆಯಲ್ಲಿ ಜಾಗ. ಅದಕ್ಕೂ ಹಿಂದಿನದನ್ನು ಹೆತ್ತವರೇ ಇಟ್ಟುಕೊಂಡಿರಬೇಕು. ಯಾಕೆಂದರೆ ಮಕ್ಕಳಿಗೇ ಅದು ನೆನಪಿರುವುದಿಲ್ಲ. ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರ ತಲೆಯಲ್ಲೂ ಉಳಿಯುವುದಿಲ್ಲ ಎನ್ನುತ್ತಾರೆ ಮನೋವಿಜ್ಞಾನಿಗಳು.

ನನ್ನ ಮಗಳು ಈಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲ ಕೋಣೆಗೆ ಅವಳನ್ನು ಮೊದಲ ಸಲ ಕರೆದೊಯ್ದಾಗ ಇನ್ನೂ ಮೂರು ತುಂಬಿರಲಿಲ್ಲ. ಸಣ್ಣ ಕಿಂಡಿಯಿಂದ ಬೆಳಕು ಬಂದು ದೊಡ್ಡ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಜಾಗ ಅದು. ನಾನು ಬೆಳಕು, ಕಿಂಡಿ ಅಂತ ಏನೇನೋ ವಿವರಿಸಲು ಹೊರಟೆ. ಅವಳು ಗೋಡೆಗೆ ಬೆನ್ನು ಮಾಡಿ, ಬಗ್ಗಿ, ಎರಡು ಕಾಲ ಸಂದಿಯಿಂದ ನೋಡಿದಳು. ಲಂಗ ಮುಖದ ಮೇಲೆ ಬಿತ್ತು, ಅದನ್ನು ಸರಿಸಿಕೊಂಡು "ಈಗ ಸರಿ ಆತು" ಅಂದಳು. ಹಿಂದೆ ಸಾಲು ನಿಂತಿದ್ದ ಶಾಲೆ ಹುಡುಗರು ಒಬ್ಬೊಬ್ಬರಾಗಿ ಬಗ್ಗತೊಡಗಿದರು. ಅವರ ಮೇಷ್ಟ್ರು ನನ್ನ ಕಡೆ ಬಿಟ್ಟ ಕಣ್ಣು ಇನ್ನೂ ನೆನಪಿದೆ.

ಈ ಕತೆಯನ್ನು ಅವಳು ನಂಬುವುದಿಲ್ಲ. "ನೀವು ಸೇರಿಸಿ ಸೇರಿಸಿ ಹೇಳ್ತೀರಿ ಅಪ್ಪಾಜಿ" ಅನ್ನುತ್ತಾಳೆ. ಇದ್ದರೂ ಇರಬಹುದು. ಲಂಗದ ಬಣ್ಣ ನಾನು ಒಂದೊಂದು ಸಲ ಒಂದೊಂದು ಹೇಳುತ್ತೇನಂತೆ.

ಅವಳು ಒಪ್ಪಿಕೊಂಡಿರುವ ಕತೆ ಇನ್ನೊಂದಿದೆ, ಅವಳಮ್ಮನ ಸಾಕ್ಷಿ ಇರುವುದರಿಂದ. ಮಳೆಗಾಲದಲ್ಲಿ ಟಿ.ಬಿ. ಡ್ಯಾಮಿಗೆ, ಅಂದರೆ ತುಂಗಭದ್ರೆಯ ಅಣೆಕಟ್ಟಿಗೆ, ನೀರು ನೋಡಲು ಹೋಗುವುದು ಹೊಸಪೇಟೆಯ ಮನೆಮನೆಯ ರೂಢಿ. ಗೇಟು ತೆಗೆದರೆ ಕೆಳಗೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿ ಕಡೆಯ ಗಾಡಿಗಳು ನಿಲ್ಲುತ್ತವೆ. ನಮಗೆ ಇಲ್ಲಿ ಜಾತ್ರೆ. ಆ ವರ್ಷ ಬಹಳಷ್ಟು ಗೇಟು ತೆಗೆದಿದ್ದರು. ಹೆಗಲ ಮೇಲೆ ಕೂತಿದ್ದ ಮಗಳು ನೊರೆಯನ್ನೇ ನೋಡುತ್ತ ಇದ್ದಳು. ಆಮೇಲೆ ನನ್ನ ಕೂದಲು ಹಿಡಿದು ಜಗ್ಗಿದಳು. "ಅಪ್ಪಾಜಿ, ನಳ ಬಂದ್ ಮಾಡ್ರಿ ಅಂತ ಹೇಳು. ನೀರು ಖಾಲಿ ಆಗ್ತೈತಿ." ಬೇಸಿಗೆಯಲ್ಲಿ ನಳ ಬಿಟ್ಟು ಬಂದಿದ್ದಕ್ಕೆ ಅಮ್ಮನಿಂದ ಬೆನ್ನಿಗೆ ಬಿದ್ದ ಏಟು ಇನ್ನೂ ಆರಿರಲಿಲ್ಲವೆಂದು ಕಾಣುತ್ತದೆ.

2024ರ ಆಗಸ್ಟ್ 10ರ ರಾತ್ರಿ, ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ನಾಟಿ ಮಾಡಿದ ಗದ್ದೆಗೆ ಕೊನೆತನಕ ನೀರು ಸಿಗುತ್ತದೋ ಇಲ್ಲವೋ ಅಂತ ಕಂಪ್ಲಿ, ಸಿರುಗುಪ್ಪದ ರೈತರಿಗೆ ದಿಗಿಲು. ಬೆಳಿಗ್ಗೆ ಬೆಂಗಳೂರಿಂದ ಫೋನು ಬಂತು. ಹಲೋ ಕೂಡ ಇಲ್ಲ. "ಅಪ್ಪಾಜಿ, ನಳ ಇನ್ನೂ ಬಂದ್ ಮಾಡಿಲ್ಲಂತೆ?"

ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಲು ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು. ಆ ದಿನ ನಾನೇ ಮೆಸೇಜು ಹಾಕಿದೆ: ಬಂದ್ ಆತು. ತಕ್ಷಣ ಉತ್ತರ ಬಂತು: "ನಾನು ಅವತ್ತೇ ಹೇಳಿದ್ದೆ. ಯಾರು ಕೇಳ್ತಾರೆ."